ತಂಗಿಯ ಸಾವನ್ನು ಕಂಡವರಿಲ್ಲ: ತಪ್ಪಿಲ್ಲವೆಂದು ಗಂಡನೇ ಸಾಬೀತು ಮಾಡಬೇಕೇ?

ಮದುವೆಯಾದ ಮೂರನೆಯ ವರ್ಷದಲ್ಲೇ ನಿಮ್ಮ ತಂಗಿ ಕಳೆದ ತಿಂಗಳು ಅತ್ತೆಮನೆಯಲ್ಲಿ ನೇಣಿಗೆ ಬಲಿಯಾದಳು, ನೋಡಿದವರಿಲ್ಲ, ಮನೆ ಕಟ್ಟಲು ಹಣ ತರುವಂತೆ ಅವಳನ್ನು ಪೀಡಿಸುತ್ತಿದ್ದರು ಎಂದು ಬರೆದಿದ್ದೀರಿ. "ಕಾನೂನಿನಲ್ಲಿ ಹೊಣೆಯೆಲ್ಲ ಗಂಡನದೇ, ನೀವು ಸುಮ್ಮನಿರಿ" ಎಂದು ಊರಿನವರು ಹೇಳುತ್ತಿದ್ದಾರಂತೆ. ಸೆಷನ್ಸ್ ನ್ಯಾಯಾಲಯದಲ್ಲಿ ಇಂಥ ಪ್ರಕರಣಗಳನ್ನು ನಡೆಸುವ ವಕೀಲನಾಗಿ ಕೈಮುಗಿದು ಹೇಳುತ್ತೇನೆ, ಸುಮ್ಮನಿರಬೇಡಿ.

ಹೊಣೆ ಗಂಡನ ಮೇಲೆ ಬೀಳುವುದು ನಿಜ, ಆದರೆ ತಾನಾಗಿ ಬೀಳುವುದಿಲ್ಲ. ವರದಕ್ಷಿಣೆ ಸಾವಿಗೆ ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ (2024ರ ಜುಲೈ 1ಕ್ಕೆ ಮೊದಲಿನ ಸಾವುಗಳಿಗೆ ಹಳೆಯ ಭಾರತೀಯ ದಂಡ ಸಂಹಿತೆಯ 304ಬಿ) ಅನ್ವಯಿಸಬೇಕಾದರೆ ಸಾವು ಮದುವೆಯ ಏಳು ವರ್ಷದೊಳಗೆ, ಸಹಜವಲ್ಲದ ರೀತಿಯಲ್ಲಿ ಆಗಿರಬೇಕು. ಆತ್ಮಹತ್ಯೆಯೂ ಇದರಲ್ಲಿ ಸೇರುತ್ತದೆ, ಆದ್ದರಿಂದ ಕೊಲೆಯೆಂದು ನೀವು ತೋರಿಸಬೇಕಾಗಿಲ್ಲ. ಆದರೆ ಸಾವಿಗೆ ಸ್ವಲ್ಪ ಮುಂಚೆ ಗಂಡ ಅಥವಾ ಅವನ ಸಂಬಂಧಿಕರು ವರದಕ್ಷಿಣೆಗಾಗಿ ಅವಳನ್ನು ಹಿಂಸಿಸಿದ್ದರು ಎಂಬುದನ್ನು ಪ್ರಾಸಿಕ್ಯೂಷನ್, ಅಂದರೆ ಕೇಸು ನಡೆಸುವ ಸರ್ಕಾರದ ಕಡೆಯವರು, ತೋರಿಸಲೇಬೇಕು. ಅದಾದ ಮೇಲೆಯೇ ಭಾರತೀಯ ಸಾಕ್ಷ್ಯ ಅಧಿನಿಯಮದ 118ನೇ ಕಲಂ ಎಚ್ಚರಗೊಳ್ಳುತ್ತದೆ: ಈ ಸಾವಿಗೆ ಅವರೇ ಕಾರಣ ಎಂದು ನ್ಯಾಯಾಲಯ ಭಾವಿಸಲೇಬೇಕು. ಅಲ್ಲವೆಂದು ತೋರಿಸುವ ಭಾರ ಆಗ ಆರೋಪಿಯದು. ತೋರಿಸಲಾಗದಿದ್ದರೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ.

ಮನೆ ಕಟ್ಟಲು ಕೇಳಿದ ಹಣವೂ ವರದಕ್ಷಿಣೆಯೇ ಎಂದು 2022ರಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅಲ್ಲಿ ನಿಮಗೆ ಅಂಜಿಕೆ ಬೇಡ.

ಕೇಸು ಮುರಿದು ಬೀಳುವುದು "ಸ್ವಲ್ಪ ಮುಂಚೆ" ಎಂಬ ಎರಡು ಪದಗಳ ಮೇಲೆ. ಅದಕ್ಕೆ ಇಷ್ಟೇ ದಿನ ಎಂಬ ಲೆಕ್ಕವಿಲ್ಲ. ಹಿಂಸೆಗೂ ಸಾವಿಗೂ ನಂಟು ಹಸಿಯಾಗಿರಬೇಕು, ಅಷ್ಟೇ. ನಾನು ಕಂಡ ಒಬ್ಬ ತಂದೆ ಕಟಕಟೆಯಲ್ಲಿ ನಿಂತು, "ಬಹಳ ಹಿಂಸೆ ಕೊಟ್ಟರು ಸ್ವಾಮಿ" ಎಂದರು. ಪಾಟೀಸವಾಲಿನಲ್ಲಿ ಯಾವಾಗ ಎಂದು ಕೇಳಿದಾಗ ಹೆಗಲ ಮೇಲಿನ ಟವೆಲಿನ ಅಂಚನ್ನು ಸುರುಳಿ ಸುತ್ತುತ್ತ ನಿಂತರೇ ಹೊರತು ಬಾಯಿಂದ ಮಾತು ಬರಲಿಲ್ಲ. ಕೊನೆಗೆ ನೆನಪಾದದ್ದು ಎರಡು ವರ್ಷ ಹಿಂದಿನ ಯುಗಾದಿಯ ಜಗಳ. ಸಾಯುವ ವಾರ ಮಗಳು ತಾಯಿಗೆ ಫೋನ್ ಮಾಡಿ ಅತ್ತಿದ್ದಳು, ಅದನ್ನು ತಾಯಿಯಿಂದ ಯಾರೂ ಕೇಳಿ ಬರೆದುಕೊಂಡಿರಲಿಲ್ಲ. ಆರೋಪಿಗಳು ಬಿಡುಗಡೆಯಾದರು. ಆ ತೀರ್ಪು ಇಂದಿಗೂ ನನ್ನನ್ನು ಕಾಡುತ್ತದೆ.

ಹಾಗಾಗಿ ಇವತ್ತೇ ತಾಯಿಯವರ ಪಕ್ಕ ಕುಳಿತು, ಕ್ಯಾಲೆಂಡರ್ ಮುಂದಿಟ್ಟುಕೊಂಡು, ತಂಗಿ ಕೊನೆಯ ಬಾರಿ ತವರಿಗೆ ಬಂದದ್ದು ಯಾವಾಗ, ಯಾರ ಮುಂದೆ ಏನು ಹೇಳಿಕೊಂಡಳು, ಹಣ ಕೊಟ್ಟದ್ದು ಯಾವ ಖಾತೆಯಿಂದ ಎಂದು ಬರೆಯಿರಿ. ನೆನಪಿಲ್ಲದ್ದನ್ನು ಸೇರಿಸಬೇಡಿ. ಅವಳ ಸಂದೇಶಗಳಿರುವ ಮೊಬೈಲನ್ನು ಹಾಗೆಯೇ ಇಟ್ಟು ತನಿಖಾಧಿಕಾರಿಗೆ ಕೊಟ್ಟು ರಸೀದಿ ಪಡೆಯಿರಿ. ತಹಶೀಲ್ದಾರರ ಶವ ಪಂಚನಾಮೆಯಲ್ಲಿ ನಿಮ್ಮವರ ಹೇಳಿಕೆ ಏನಿದೆಯೆಂದು ನೋಡಿ. ಅಲ್ಲಿ ಬಿಟ್ಟುಹೋದದ್ದನ್ನು ಪೊಲೀಸರಿಗೆ ಈಗಲೇ ತಿಳಿಸಿ. ಬೇರೆ ಊರಿನಲ್ಲಿರುವ ನಾದಿನಿಯನ್ನು ಸಿಟ್ಟಿನಿಂದ ಸೇರಿಸಬೇಡಿ, ಅವಳ ಮೇಲಿನ ಸುಳ್ಳು ಒಡೆದರೆ ಗಂಡನ ಮೇಲಿನ ನಿಜವನ್ನೂ ನಂಬದಂತಾಗುತ್ತದೆ.

ಒಡವೆಯ ಬಗ್ಗೆಯೂ ಕೇಳಿದ್ದೀರಿ. ತಂಗಿಗೆ ಮಕ್ಕಳಿಲ್ಲದಿದ್ದರೆ, ವರದಕ್ಷಿಣೆಯಾಗಿ ಕೊಟ್ಟದ್ದು ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಂ ಪ್ರಕಾರ ನಿಮ್ಮ ತಂದೆತಾಯಿಗೆ ಸೇರಬೇಕು.