ಬೆಂಚಿಗಿಂತ ಮೊದಲು ನೀರಿನ ಮಾತಾಗಲಿ

ಓದುಗರ ಪತ್ರ: ‘ನಮ್ಮ ಮನೆಗಳ ಹಿಂದಿನ ಖಾಲಿ ಜಾಗದಲ್ಲಿ ಹೊಸ ಬಡಾವಣೆ ಬರುತ್ತಿದೆ. ಅಕ್ಕಪಕ್ಕದವರ ಅಭಿಪ್ರಾಯ ಬೇಕು ಅಂತ ಸಭೆ ಕರೆದರು. ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆ ತೋರಿಸಿದರು. ಪಾರ್ಕಿನಲ್ಲಿ ಕಲ್ಲಿನ ಬೆಂಚು ಇರಲೋ ಮರದ್ದಿರಲೋ ಅಂತ ಕೇಳಿದರು. ಒಂದಿಬ್ಬರು ಟ್ರಾಫಿಕ್ ವಿಷಯಕ್ಕೆ ಕೂಗಾಡಿದರು. ರಿಜಿಸ್ಟರಿಗೆ ಸಹಿ ಹಾಕಿ ಎದ್ದು ಬಂದೆವು. ಇನ್ನೊಂದು ಸಭೆ ಇದೆಯಂತೆ. ಹೋಗಬೇಕಾ, ಸುಮ್ನೆ ಮನೆಯಲ್ಲಿ ಕೂರೋದೇ ವಾಸಿನಾ? ನಿಜ ಹೇಳಬೇಕೆಂದರೆ ಈ ಬಡಾವಣೆ ಬರದಿದ್ದರೇ ಚೆನ್ನ ಅಂತ ನಮಗೆಲ್ಲ ಅನ್ನಿಸಿದೆ.’ – ಹೆಸರು ಬೇಡ ಎಂದಿರುವ ಓದುಗರು

ಸಂಪಾದಕರ ಉತ್ತರ:

ಹೋಗಿ. ಖಂಡಿತ ಹೋಗಿ. ಬೆಂಚಿನ ಪ್ರಶ್ನೆಗೆ ಉತ್ತರ ಕೊಡೋದಕ್ಕೆ ಮಾತ್ರ ಹೋಗಬೇಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಹೋಗಿ ನಿಂತದ್ದೇ ಆ ಬೆಂಚಿನ ಮೇಲೆ. ಬೆಂಚು ಕಲ್ಲಿನದ್ದೋ ಮರದ್ದೋ ಅಂತ ಕೇಳುವಷ್ಟು ದೂರ ಬಂದಿದ್ದಾರೆ ಅಂದರೆ ಉಳಿದದ್ದೆಲ್ಲ ಆಗಲೇ ತೀರ್ಮಾನವಾಗಿರಬೇಕು. ಇಲ್ಲವೇ ತೀರ್ಮಾನವಾಗಿದೆ ಅಂತ ನಿಮ್ಮನ್ನು ನಂಬಿಸುತ್ತಿರಬೇಕು. ಎರಡರಲ್ಲಿ ಯಾವುದು ಅಂತ ಮೊದಲು ತಿಳಿದುಕೊಳ್ಳಿ.

ಬಡಾವಣೆ ಮಾಡುವಾಗ ತೀರ್ಮಾನಗಳು ಒಂದರ ಹಿಂದೆ ಒಂದು ಬರುತ್ತವೆ. ಎಷ್ಟು ಮನೆ, ಎಂಥವರಿಗೆ ಅನ್ನೋದು ಮೊದಲು. ಆಮೇಲೆ ಮಳೆನೀರು ಯಾವ ಕಡೆ ಹರಿಯಬೇಕು, ಒಳಚರಂಡಿ ಪೈಪಿನ ಇಳಿಜಾರು ಎತ್ತ ಇರಬೇಕು ಅನ್ನೋದು. ಅದರ ಬೆನ್ನಿಗೇ ರಸ್ತೆ. ರಸ್ತೆ ಗೆರೆ ಎಳೆದ ಮೇಲೆ ಸೈಟು, ಶಾಲೆ, ಬಸ್ ಸ್ಟಾಪ್, ಅಂಗಡಿ ಸಾಲು. ಮರ, ದೀಪ, ಬೆಂಚು ಎಲ್ಲ ಕೊನೆಗೆ. ಇಷ್ಟರಲ್ಲಿ ರಸ್ತೆಯಷ್ಟು ಗಟ್ಟಿಯಾಗಿ ಕೂರುವುದು ಬೇರೊಂದಿಲ್ಲ. ಮನೆ ಹಳೆಯದಾದರೆ ಕೆಡವಿ ಕಟ್ಟುತ್ತಾರೆ. ರಸ್ತೆ ಹಾಗಲ್ಲ. ಸೈಟುಗಳು ನೂರಾರು ಜನರ ಹೆಸರಿಗೆ ಹೋದ ಮೇಲೆ ಆ ಗೆರೆಯನ್ನು ಒಂದು ಮಾರು ಸರಿಸುವುದೂ ಕಷ್ಟ. ರೋಮನ್ನರು ಎಳೆದ ಬೀದಿಗೆರೆಗಳು ಇಟಲಿಯ ಟುರಿನ್ ನಗರದ ನಡುಭಾಗದಲ್ಲಿ ಇವತ್ತಿಗೂ ಕಾಣುತ್ತವೆ. ಆಗಿನ ಮನೆಗಳು ಎಂದೋ ಮಣ್ಣಾಗಿ ಹೋದವು.

ಹಾಗಾಗಿ ಜನರನ್ನು ಕೇಳುವುದಿದ್ದರೆ ರಸ್ತೆ ಗೆರೆಗೆ ಮುಂಚೆ ಕೇಳಬೇಕು. ಏನು ಕೇಳಬೇಕು ಅನ್ನೋದು ಅದಕ್ಕಿಂತ ಮುಖ್ಯ. ‘ನಿಮಗೆ ಏನು ಬೇಕು?’ ಅಂತ ಕೇಳಿದರೆ ಎಲ್ಲರೂ ಅಗಲವಾದ ರಸ್ತೆ, ದೊಡ್ಡ ಪಾರ್ಕು, ಕಡಿಮೆ ಮನೆ ಅಂತಲೇ ಹೇಳುತ್ತಾರೆ. ನಾನಾದರೂ ಅದನ್ನೇ ಹೇಳುತ್ತೇನೆ. ‘ಈ ಜಾಗದ ಬಗ್ಗೆ ನಿಮಗೆ ಏನು ಗೊತ್ತು?’ ಅಂತ ಕೇಳಿ ನೋಡಲಿ. ಬೇರೆಯೇ ಮಾತು ಹೊರಬರುತ್ತದೆ.

ನಾನು ಒಮ್ಮೆ ಹೋಗಿದ್ದ ಇಂಥದ್ದೇ ಸಭೆಯಲ್ಲಿ ನಡೆದದ್ದು ಹೇಳುತ್ತೇನೆ. ನಕ್ಷೆಯ ಒಂದು ಮೂಲೆಯಲ್ಲಿ ಪಾರ್ಕು ಅಂತ ಹಸಿರು ಬಳಿದಿದ್ದರು. ಅದರ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರಿಗೆ ಅಂತ ಸಣ್ಣ ಚೌಕ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಎದ್ದು ನಿಂತರು. ‘ಅಲ್ಲಿ ಮಳೆಗಾಲದಲ್ಲಿ ಇಷ್ಟು ನೀರು ನಿಲ್ಲುತ್ತೆ’ ಅಂತ ಮೊಣಕಾಲ ಹತ್ತಿರ ಕೈಯಿಟ್ಟು ತೋರಿಸಿದರು. ‘ಎಷ್ಟು ದಿನ ಇರುತ್ತಮ್ಮ?’ ಅಂತ ಎಂಜಿನಿಯರ್ ಕೇಳಿದರು. ‘ಮಳೆ ಬಿಟ್ಟ ಮೇಲೂ ನಾಲ್ಕು ದಿನ.’ ಎಂಜಿನಿಯರ್ ಪೆನ್ನು ತೆಗೆದರು. ಅವರ ಸರ್ವೆ ನಡೆದದ್ದು ಬೇಸಿಗೆಯಲ್ಲಿ. ನೆಲ ಒಣಗಿ ಬಿರುಕು ಬಿಟ್ಟಿದ್ದಾಗ. ಪಾರ್ಕಿನಲ್ಲಿ ನೀರು ನಿಂತರೆ ನಿಲ್ಲಲಿ, ತೊಂದರೆಯಿಲ್ಲ; ಮನೆಗಳಿಗೆ ನುಗ್ಗುವ ನೀರು ಅಲ್ಲಿ ಉಳಿದರೆ ಒಳ್ಳೆಯದೇ. ಆದರೆ ಟ್ರಾನ್ಸ್‌ಫಾರ್ಮರ್? ಮುಂದಿನ ನಕ್ಷೆಯಲ್ಲಿ ಆ ಚೌಕ ಎತ್ತರದ ಜಾಗಕ್ಕೆ ಹೋಗಿತ್ತು. ಎರಡು ತಾಸಿನ ಆ ಸಭೆಯಲ್ಲಿ ಉಪಯೋಗಕ್ಕೆ ಬಂದದ್ದು ಅರ್ಧ ನಿಮಿಷದ ಆ ಮಾತು ಒಂದೇ ಅಂದರೂ ತಪ್ಪಿಲ್ಲ.

ನಿಮ್ಮ ಹತ್ತಿರವೂ ಇಂಥದ್ದು ಇದ್ದೇ ಇರುತ್ತದೆ. ಖಾಲಿ ಜಾಗ ಅಂತ ಬರೆದಿದ್ದೀರಿ. ನಕ್ಷೆಯಲ್ಲಷ್ಟೇ ಅದು ಖಾಲಿ. ಮಕ್ಕಳು ಶಾಲೆಗೆ ಹೋಗುವ ಕಾಲುದಾರಿ ಯಾವುದು? ಕತ್ತಲಾದ ಮೇಲೆ ಹೆಂಗಸರು ಯಾವ ಮೂಲೆ ತಪ್ಪಿಸಿ ಸುತ್ತಿಕೊಂಡು ಬರುತ್ತಾರೆ? ಯಾವ ಬೋರ್‌ವೆಲ್ ಬತ್ತಿದೆ, ಯಾವುದು ಇನ್ನೂ ನೀರು ಕೊಡುತ್ತಿದೆ? ಮಧ್ಯಾಹ್ನ ಎರಡು ಗಂಟೆಗೆ ನೆರಳು ಸಿಗುವ ಮರ ಯಾವುದು? ಇದು ಯಾವ ಡ್ರೋನ್ ಸರ್ವೆಯಲ್ಲೂ ಸಿಗುವುದಿಲ್ಲ.

ಇದನ್ನೆಲ್ಲ ಮೈಕ್ ಹಿಡಿದು ಹೇಳಿ ಅಂದರೆ ಯಾರು ಹೇಳುತ್ತಾರೆ? ಮಾತಿನ ಮಲ್ಲರು ಹೇಳುತ್ತಾರೆ, ಉಳಿದವರು ತಲೆ ತಗ್ಗಿಸಿ ಕೂರುತ್ತಾರೆ. ಇದಕ್ಕೆ ಬ್ರಿಟನ್ನಿನ ಟೋನಿ ಗಿಬ್ಸನ್ ಅನ್ನುವವರು 1970ರ ದಶಕದಲ್ಲೇ ಒಂದು ದಾರಿ ಹುಡುಕಿದ್ದರು. ಅದನ್ನು 1977ರಲ್ಲಿ ಗ್ಲಾಸ್ಗೋದ ಡಾಲ್ಮಾರ್ನಕ್ ಅನ್ನುವ ಕಡೆ ಮಾಡಿ ನೋಡಿದರು. ನಕ್ಷೆಯ ಬದಲು ಇಡೀ ಪ್ರದೇಶದ ಮಾದರಿಯನ್ನು ಮೇಜಿನ ಮೇಲೆ ಹರಡುವುದು. ಬಿಚ್ಚಿ ಹೊತ್ತುಕೊಂಡು ಹೋಗೋದಕ್ಕೆ ಬರುವಂಥ ಮಾದರಿ. ಜನ ಅದರ ಸುತ್ತ ಓಡಾಡುತ್ತಾರೆ. ‘ಇಲ್ಲಿ ದೀಪ ಬೇಕು’, ‘ಇಲ್ಲಿ ಆಟದ ಜಾಗ’ ಅಂತ ಚೀಟಿಗಳಿರುತ್ತವೆ, ಬೇಕಾದ ಕಡೆ ಇಟ್ಟು ಹೋಗುತ್ತಾರೆ. ಯಾವ ಚೀಟಿ ಯಾರದ್ದು ಅಂತ ಯಾರೂ ಕೇಳುವುದಿಲ್ಲ. ಅಧಿಕಾರಿಗಳು, ಪರಿಣತರು ಪಕ್ಕದಲ್ಲಿ ನಿಂತಿರಬೇಕು. ಕೇಳಿದರೆ ಮಾತ್ರ ಬಾಯಿ ಬಿಡಬೇಕು. ನನಗೆ ಬಹಳ ಇಷ್ಟವಾಗಿದ್ದು ಈ ಕೊನೆಯ ನಿಯಮ. ಪರದೆಯ ನಕ್ಷೆ ಮುಂದೆ ಅಧಿಕಾರಿ ಮಾತಾಡುತ್ತಾರೆ, ನೀವು ಕೇಳುತ್ತೀರಿ. ಮೇಜಿನ ಸುತ್ತ ಅದು ತಿರುವುಮುರುವು.

ಜನರನ್ನು ಕೇಳಿದರೆ ಬಲ್ಲವರ ಲೆಕ್ಕವೂ ತಲೆಕೆಳಗಾಗುತ್ತದೆ ಅನ್ನೋದಕ್ಕೆ ಚಿಲಿ ದೇಶದ ವಾಸ್ತುಶಿಲ್ಪಿ ಅಲೆಹಾಂದ್ರೊ ಅರವೇನಾ ಹೇಳುವ ಒಂದು ಸಂಗತಿ ಇದೆ. ಅವರ ಎಲಿಮೆಂಟಲ್ ತಂಡ ಬಡ ಕುಟುಂಬಗಳಿಗೆ ಮನೆ ಕಟ್ಟುತ್ತಿತ್ತು. ಹಣ ಸಾಲದು. ಬಿಸಿನೀರಿನ ಗೀಸರ್ ಅಥವಾ ಸ್ನಾನದ ತೊಟ್ಟಿ, ಎರಡರಲ್ಲಿ ಒಂದೇ ಕೊಡೋದಕ್ಕೆ ಸಾಧ್ಯ. ಯಾರನ್ನು ಕೇಳಿದರೂ ಗೀಸರ್ ಅನ್ನುತ್ತಾರೆ, ಅಲ್ವಾ? ಕುಟುಂಬಗಳು ತೊಟ್ಟಿ ಬೇಕು ಅಂದವು. ಹೊಸ ಮನೆಗೆ ಬಂದ ಹೊಸತರಲ್ಲಿ ಗ್ಯಾಸ್ ಬಿಲ್ ಕಟ್ಟೋದಕ್ಕೇ ದುಡ್ಡಿರುವುದಿಲ್ಲ. ಗೀಸರ್ ಕೊಟ್ಟರೆ ಮಾರಿಬಿಡಬೇಕಾಗುತ್ತದೆ ಅಷ್ಟೇ. ಇದೇ ತಂಡ ಇಕೀಕೆ ನಗರದ ಕಿಂತಾ ಮೊನ್ರಾಯ್‌ನಲ್ಲಿ 2004ರ ಹೊತ್ತಿಗೆ ಸುಮಾರು ನೂರು ಕುಟುಂಬಗಳಿಗೆ ‘ಅರ್ಧ ಮನೆ’ ಕಟ್ಟಿಕೊಟ್ಟಿತು. ಅಡಿಪಾಯ, ಅಡುಗೆಮನೆ, ಬಚ್ಚಲು, ಮೆಟ್ಟಿಲು, ಹೀಗೆ ಕಷ್ಟದ ಭಾಗ ತಂಡದ್ದು. ಉಳಿದರ್ಧ ಜಾಗ ಖಾಲಿ, ಕೈಯಲ್ಲಿ ಕಾಸು ಬಂದಾಗ ಮನೆಯವರೇ ತುಂಬಿಕೊಳ್ಳಬೇಕು. ಅಪಾರ್ಟ್‌ಮೆಂಟ್ ಬೇಡ ಅಂತ ಆ ಕುಟುಂಬಗಳೇ ಹಟ ಹಿಡಿದಿದ್ದವು. ಊರಾಚೆಯ ಅಗ್ಗದ ಜಾಗಕ್ಕೆ ಹೋಗದೆ, ಇದ್ದ ಕಡೆಯೇ ಉಳಿದರು. ಕೆಲಸ, ಶಾಲೆ ಎಲ್ಲ ಅಲ್ಲೇ ಹತ್ತಿರ ಇತ್ತಲ್ಲ.

ಇನ್ನು ನೀವು ಸಹಿ ಹಾಕಿದ ರಿಜಿಸ್ಟರ್. ಅದನ್ನು ತೋರಿಸಿ ‘ಜನರನ್ನು ಕೇಳಿದೆವು’ ಅನ್ನಬಹುದು. ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲಿನ ಏಣಿಯ ಲೆಕ್ಕ ಕೊಟ್ಟರು. ಕೆಳಗಿನ ಎರಡರಲ್ಲಿ ಪಾಲ್ಗೊಳ್ಳುವಿಕೆಯೇ ಇಲ್ಲ, ಸುಮ್ನೆ ಜನರನ್ನು ಒಪ್ಪಿಸುವ, ಸಮಾಧಾನ ಮಾಡುವ ಕೆಲಸ. ನಡುವಿನ ಮೂರರಲ್ಲಿ ವಿಷಯ ತಿಳಿಸುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ತೀರ್ಮಾನ ಮಾತ್ರ ಅವರ ಕೈಯಲ್ಲೇ. ಮೇಲಿನ ಮೂರರಲ್ಲಷ್ಟೇ ಜನರ ಕೈಗೆ ನಿಜವಾದ ಅಧಿಕಾರ ಬರುತ್ತದೆ. ನಿಮ್ಮ ಸಭೆ ಎಲ್ಲಿ ನಿಲ್ಲುತ್ತದೆ ಅಂತ ನೀವೇ ನೋಡಿ. ನನ್ನ ಅಂದಾಜಿಗೆ ಕೆಳಗಿನಿಂದ ಎರಡೋ ಮೂರೋ. ಎಂಟನೆಯದಕ್ಕೇ ಹೋಗಬೇಕು ಅಂತ ನಾನು ಹೇಳುವುದಿಲ್ಲ. ಪೈಪಿನ ಇಳಿಜಾರನ್ನು ಕೈ ಎತ್ತಿಸಿ ತೀರ್ಮಾನ ಮಾಡೋದಕ್ಕಾಗುತ್ತಾ? ಅಗ್ನಿಶಾಮಕ ದಳದ ಗಾಡಿ ತಿರುಗಲು ಎಷ್ಟು ಜಾಗ ಬೇಕೋ ಅಷ್ಟು ಬೇಕೇ ಬೇಕು. ಬಸ್ ಬರಬೇಕಾದರೆ ಸ್ಟಾಪಿಗೆ ಐದು ನಿಮಿಷದ ನಡಿಗೆಯೊಳಗೆ, ಅಂದರೆ ಸುಮಾರು 400 ಮೀಟರ್ ಒಳಗೆ, ಸಾಕಷ್ಟು ಮನೆಗಳಿರಬೇಕು. ಕಡಿಮೆ ಮನೆ ಬೇಕು, ಬಸ್ಸೂ ಜಾಸ್ತಿ ಬೇಕು ಅಂದರೆ ಆಗುವುದಿಲ್ಲ. ಇಂಥವು ಬದಲಾಗುವುದಿಲ್ಲ, ಇಂಥವು ನಿಮ್ಮ ಮಾತಿನ ಮೇಲೆ ಬದಲಾಗುತ್ತವೆ ಅಂತ ಅಧಿಕಾರಿಗಳು ಸಭೆಯ ಶುರುವಿಗೇ ಬಿಡಿಸಿ ಹೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಈಗ ನಿಮ್ಮ ಪತ್ರದ ಕೊನೆಯ ಸಾಲಿಗೆ ಬರುತ್ತೇನೆ. ‘ಬರದಿದ್ದರೇ ಚೆನ್ನ.’ ಮುಚ್ಚಿಡದೆ ಬರೆದಿದ್ದೀರಿ, ಸಂತೋಷ. ಆದರೆ ಒಂದು ಮಾತು ಕೇಳಿ, ಬೇಸರ ಮಾಡಿಕೊಳ್ಳಬೇಡಿ. ಆ ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದವರು ಬಂದಿರಲೇ ಇಲ್ಲ. ಅವರು ಆ ಮನೆಗಳಲ್ಲಿ ನಾಳೆ ಇರೋದಕ್ಕೆ ಬರುವವರು. ಯಾರು ಅಂತ ಅವರಿಗೇ ಇನ್ನೂ ಗೊತ್ತಿಲ್ಲ. ಈಗ ಎಲ್ಲೋ ಇಕ್ಕಟ್ಟಿನ ಬಾಡಿಗೆ ಮನೆಯಲ್ಲಿರುತ್ತಾರೆ. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಮ್ಯಾಸಚೂಸೆಟ್ಸ್‌ನ 97 ಊರುಗಳ ಇಂಥ ಸಭೆಗಳ ನಡಾವಳಿ ಓದಿ ನೋಡಿದರು. ಮಾತಾಡಿದವರಲ್ಲಿ ಸ್ವಂತ ಮನೆಯಿದ್ದವರು, ವಯಸ್ಸಾದವರು, ಗಂಡಸರು, ಬಹಳ ಕಾಲದಿಂದ ಅಲ್ಲೇ ಇದ್ದವರು ಊರಿನ ಲೆಕ್ಕಕ್ಕಿಂತ ಜಾಸ್ತಿ. ಹೊಸ ಮನೆಗಳ ಪರ ಮಾತಾಡಿದವರು ನೂರಕ್ಕೆ ಸುಮಾರು 15 ಮಾತ್ರ. ‘ಸ್ಥಳೀಯರ ಅಭಿಪ್ರಾಯ’ ಅಂತ ದಾಖಲಾಗಿದ್ದು ಒಂದು ಪಾಲಿನವರ ಅಭಿಪ್ರಾಯ. ಆ ಪಾಲಿನಲ್ಲಿ ನಾನೂ ಬರುತ್ತೇನೆ, ಬಹುಶಃ ನೀವೂ.

ಜನರನ್ನು ಕೇಳಿ ಕಟ್ಟಿದ ಬಡಾವಣೆ ಅಂದರೆ ಇಂಗ್ಲೆಂಡಿನ ನ್ಯೂಕಾಸಲ್‌ನ ಬೈಕರ್ ಹೆಸರು ತಪ್ಪದೆ ಬರುತ್ತದೆ. ವಾಸ್ತುಶಿಲ್ಪಿ ರಾಲ್ಫ್ ಎರ್ಸ್‌ಕಿನ್ ತಂಡದವರು ಅಲ್ಲೇ, ಹಿಂದೆ ಶವಸಂಸ್ಕಾರದ ಅಂಗಡಿಯಾಗಿದ್ದ ಕಟ್ಟಡದಲ್ಲಿ, ಆಫೀಸು ತೆರೆದರು. ಯಾರು ಬೇಕಾದರೂ ಒಳಗೆ ಬರಬಹುದಿತ್ತು. ಮೊದಲು 46 ಮನೆ ಕಟ್ಟಿ, ಅಲ್ಲಿಗೆ ಹೋಗುವವರ ಜೊತೆ ಕೂತು ಮಾತಾಡಿ, ಕಲಿತದ್ದನ್ನು ಮುಂದಿನ ಮನೆಗಳಿಗೆ ಬಳಸಿದರು. ಇವತ್ತು ಅದು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ಇಷ್ಟಾದರೂ ಹಳೆಯ ಬೈಕರ್‌ನ ಜನರಲ್ಲಿ ಹೊಸದಕ್ಕೆ ಬಂದವರು ಐದರಲ್ಲಿ ಒಂದು ಪಾಲಿಗಿಂತ ಕಡಿಮೆ. ಹಳೆಯ ಮನೆ ಕೆಡವಿದ ವೇಗಕ್ಕೆ ಹೊಸ ಮನೆ ಏಳಲಿಲ್ಲ. ಕಾದು ಕಾದು ಜನ ಬೇರೆ ಕಡೆ ಹೋದರು. ಬಾಗಿಲು ತೆರೆದಿಟ್ಟು ಕೇಳಿದರೂ ಕೆಲಸದ ವೇಳಾಪಟ್ಟಿ ಕೆಟ್ಟರೆ ಹೀಗಾಗುತ್ತದೆ. ನಿಮ್ಮ ಜಾಗದಲ್ಲಿ ಯಾರಾದರೂ ಗುಡಿಸಲು ಹಾಕಿಕೊಂಡಿದ್ದರೆ ಇದನ್ನು ಮರೆಯಬೇಡಿ.

ಜರ್ಮನಿಯ ಫ್ರೈಬುರ್ಗ್ ನಗರದ ವೊಬಾನ್‌ನಲ್ಲಿ ನಡೆದದ್ದು ಇನ್ನೊಂದು ಬಗೆ. ಫ್ರೆಂಚ್ ಸೈನ್ಯ 1992ರಲ್ಲಿ ಬಿಟ್ಟುಹೋದ ಸುಮಾರು 40 ಹೆಕ್ಟೇರ್ ಜಾಗ ಅದು. ಅಲ್ಲಿ ಮನೆ ಮಾಡಿಕೊಳ್ಳೋ ಆಸೆ ಇದ್ದವರೇ ನಕ್ಷೆಯ ಹಂತದಲ್ಲೇ ಸೇರಿಕೊಂಡರು. ಜನರ ಸಂಘಟನೆಯೊಂದಕ್ಕೆ ಈ ಪಾಲ್ಗೊಳ್ಳುವಿಕೆಯ ಹೊಣೆಯನ್ನು ನಗರಸಭೆ 1995ರಲ್ಲಿ ಅಧಿಕೃತವಾಗಿ ಒಪ್ಪಿಸಿತು. ಕುಟುಂಬಗಳು ಗುಂಪು ಕಟ್ಟಿಕೊಂಡು ಸೈಟು ಕೊಂಡವು, ಮನೆ ಕಟ್ಟಿದವು. ಹೆಚ್ಚಿನ ಬೀದಿಗಳಲ್ಲಿ ಮನೆ ಮುಂದೆ ಕಾರು ನಿಲ್ಲಿಸುವ ಹಾಗಿಲ್ಲ, ಕಾರಿದ್ದವರು ಅಂಚಿನ ಪಾರ್ಕಿಂಗ್ ಕಟ್ಟಡದಲ್ಲಿ ದುಡ್ಡು ಕೊಟ್ಟು ಜಾಗ ತಗೋಬೇಕು. ಇಂಥ ನಿಯಮವನ್ನು ಅಧಿಕಾರಿಯೊಬ್ಬರು ಮೇಲಿನಿಂದ ಹೇರಿದ್ದರೆ ಗಲಾಟೆಯಾಗುತ್ತಿತ್ತು. ಅಲ್ಲಿ ಅದನ್ನು ಕೇಳಿ ಪಡೆದವರು ಅಲ್ಲಿ ಇರಲು ಬಂದವರೇ.

ಮುಂದೆ ಬರುವವರು ಯಾರು ಅಂತ ಗೊತ್ತಿಲ್ಲದ ಕಡೆ ಏನು ಮಾಡೋದು? ನನ್ನದೊಂದು ಸಲಹೆ. ಮೂರು ನಾಲ್ಕು ವರ್ಷದ ಹಿಂದೆ ಬೇರೆ ಯಾವುದಾದರೂ ಹೊಸ ಬಡಾವಣೆಗೆ ಹೋಗಿ ನೆಲೆಸಿದ ಐದಾರು ಜನರನ್ನು ಸಭೆಗೆ ಕರೆಸಿ ಅಂತ ಕೇಳಿ. ಬಾಡಿಗೆಗೆ ಇರುವವರೂ ಅದರಲ್ಲಿರಲಿ. ಮೊದಲ ವರ್ಷ ಬಸ್ಸಿಲ್ಲದೆ ಏನು ಮಾಡಿದರು, ಅಂಗಡಿ ಬರೋದಕ್ಕೆ ಎಷ್ಟು ದಿನ ಹಿಡಿಯಿತು, ಮಕ್ಕಳು ಎಲ್ಲಿ ಆಡಿದರು ಅಂತ ಅವರು ಹೇಳಲಿ. ನಾಳೆ ಬರುವವರ ಪರವಾಗಿ ಮಾತಾಡೋದಕ್ಕೆ ಅವರಿಗಿಂತ ಹತ್ತಿರದವರು ಸಿಗಲಾರರು.

ನಿಮಗೆ ಟ್ರಾಫಿಕ್ ಭಯ, ನೀರಿನ ಭಯ ಇದ್ದರೆ ಅದು ಸುಳ್ಳಲ್ಲ. ಆದರೆ ‘ಬೇಡ’ ಅನ್ನೋದಕ್ಕೆ ‘ಆಕ್ಷೇಪಣೆ ಸ್ವೀಕರಿಸಲಾಗಿದೆ’ ಅಂತ ಒಂದು ಸಾಲು ಬರೆದು ಮುಗಿಸಿಬಿಡಬಹುದು. ‘ಮೊದಲ ಮನೆಗೆ ಜನ ಬರುವ ಮುಂಚೆ ನೀರಿನ ಟ್ಯಾಂಕ್ ಮುಗಿದಿರುತ್ತಾ? ಯಾವ ತಿಂಗಳಿಗೆ?’ ಅಂದರೆ ಹಾಗೆ ಮುಗಿಸೋದಕ್ಕೆ ಬರುವುದಿಲ್ಲ. ಉತ್ತರ ಕೊಡಲೇಬೇಕು.

ಹಾಗಾಗಿ ಮುಂದಿನ ಸಭೆಗೆ ಹೋಗುವ ಮುಂಚೆ ನಾಲ್ಕೈದು ಜನ ಸೇರಿ ಆ ಜಾಗ ಸುತ್ತಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಕಾಲುದಾರಿ ಅವರಿಗೇ ಚೆನ್ನಾಗಿ ಗೊತ್ತು. ನೀರು ನಿಲ್ಲುವ ಕಡೆ, ದಾರಿ, ಮರ ಎಲ್ಲ ಅಧಿಕಾರಿಗಳ ನಕ್ಷೆಯ ಪ್ರತಿಯ ಮೇಲೇ ಗುರುತು ಹಾಕಿ. ಪ್ರತಿ ಇಲ್ಲದಿದ್ದರೆ ಕೇಳಿ ತಗೊಳ್ಳಿ. ಸಭೆಯಲ್ಲಿ ಮೊದಲು ಕೇಳಬೇಕಾದದ್ದು: ಇದರಲ್ಲಿ ಯಾವುದು ಇನ್ನೂ ಬದಲಾಗಬಹುದು? ಆಮೇಲೆ ನಿಮ್ಮ ಗುರುತಿನ ನಕ್ಷೆ ಕೊಟ್ಟು ಸ್ವೀಕೃತಿ ಪಡೆಯಿರಿ. ಹೇಳಿದ್ದರಲ್ಲಿ ಯಾವುದನ್ನು ಒಪ್ಪಿದರು, ಯಾವುದನ್ನು ಬಿಟ್ಟರು, ಬಿಟ್ಟಿದ್ದಕ್ಕೆ ಕಾರಣವೇನು ಅಂತ ಬರವಣಿಗೆಯಲ್ಲಿ ಕೊಡಿ ಅನ್ನಿ. ಕಾರಣ ಸರಿಯಿದ್ದರೆ ಒಪ್ಪಿಕೊಳ್ಳಿ, ಎಲ್ಲ ನಮ್ಮ ಪ್ರಕಾರವೇ ಆಗಬೇಕು ಅಂತೇನಿಲ್ಲ. ಪಾರ್ಕು, ದೀಪ, ಚರಂಡಿ ನೋಡಿಕೊಳ್ಳುವವರು ಯಾರು, ಯಾರ ದುಡ್ಡಿನಲ್ಲಿ ಅನ್ನೋದನ್ನೂ ಕೇಳಿ. ಈ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ.

ಸಭೆ ಎಷ್ಟು ಹೊತ್ತಿಗೆ ಅಂತ ನೀವು ಬರೆದಿಲ್ಲ. ಕೆಲಸದ ದಿನ ಹಗಲಿನಲ್ಲಿಟ್ಟಿದ್ದರೆ ಸಂಜೆಗೋ ರಜಾ ದಿನಕ್ಕೋ ಬದಲಾಯಿಸಿ ಅಂತ ಈಗಲೇ ಒಂದು ಅರ್ಜಿ ಕೊಡಿ. ಬಾಡಿಗೆ ಮನೆಯವರ ಸಹಿಯನ್ನೂ ಹಾಕಿಸಿ. ನಿಮ್ಮ ಗುರುತಿನ ನಕ್ಷೆಗೆ ಅಧಿಕಾರಿಗಳು ಏನು ಉತ್ತರ ಕೊಟ್ಟರು ಅಂತ ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

– ಸಂಪಾದಕ