ತಂಬಾಕು ಹಾಕದೆ ಬರೀ ಎಲೆ ಅಡಿಕೆ ಜಗಿದರೂ ಬಾಯಿ ಕ್ಯಾನ್ಸರ್ ಬರುತ್ತದೆಯೇ?

ಹೌದು, ಬರಬಹುದು. ತಂಬಾಕು ಸೇರಿದರೆ ಅಪಾಯ ಇನ್ನೂ ಜಾಸ್ತಿ. ಆದರೆ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆಯೇ ಅನ್ನ ಕೊಡುವ ಬೆಳೆ. ಹಾಗಾಗಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು.

ಆಗುವುದು ಹೀಗೆ. ಬಾಯಿಯ ಒಳಪದರದ ಜೀವಕೋಶಗಳು ಸವೆಯುತ್ತಲೇ ಇರುತ್ತವೆ. ಉಳಿದವು ಒಡೆದು ಎರಡಾಗಿ ಆ ಜಾಗ ತುಂಬುತ್ತವೆ. ಪ್ರತಿ ಸಲವೂ ಡಿಎನ್‌ಎ, ಅಂದರೆ ಕೋಶ ಹೇಗೆ ನಡೆದುಕೊಳ್ಳಬೇಕು ಎಂಬ ಬರಹ, ಹೊಸದಾಗಿ ನಕಲಾಗುತ್ತದೆ. ನಕಲಿನಲ್ಲಿ ತಪ್ಪಾದರೆ ಹೆಚ್ಚಿನವನ್ನು ಕೋಶವೇ ಸರಿಮಾಡಿಕೊಳ್ಳುತ್ತದೆ. ದಿನಾ ಕೆನ್ನೆಯೊಳಗೆ ಅಡಿಕೆ ಇಟ್ಟುಕೊಂಡರೆ ಅದರ ರಸ ಡಿಎನ್‌ಎಗೇ ಪೆಟ್ಟು ಕೊಡುತ್ತದೆ. ಒರಟು ಚೂರುಗಳು ಒಳಪದರವನ್ನು ಕೆರೆಯುತ್ತವೆ. ಅದು ಮಾಯಲು ಕೋಶಗಳು ಮತ್ತೆ ಮತ್ತೆ ಒಡೆಯಬೇಕು. ತಪ್ಪುಗಳು ಸರಿಯಾಗದೆ ಉಳಿದು ಒಟ್ಟಾಗುತ್ತವೆ. ಬೆಳೆದದ್ದು ಸಾಕು ಎಂದು ತಡೆಯುವ ಭಾಗವೇ ಕೆಟ್ಟರೆ ಕೋಶ ನಿಲ್ಲದೆ ಬೆಳೆಯುತ್ತದೆ, ಅಕ್ಕಪಕ್ಕಕ್ಕೆ ನುಗ್ಗುತ್ತದೆ. ಅದೇ ಕ್ಯಾನ್ಸರ್. ಹಲವು ತಪ್ಪುಗಳು ಸೇರಬೇಕಾದ್ದರಿಂದ ವರ್ಷಗಟ್ಟಲೆ ಹಿಡಿಯುತ್ತದೆ, ಜಗಿದವರಿಗೆಲ್ಲ ಬರುವುದೂ ಇಲ್ಲ.

ಅಷ್ಟರಲ್ಲಿ ಬಾಯಿ ಸೂಚನೆ ಕೊಡುತ್ತದೆ. ಬಿಳಿ ಅಥವಾ ಕೆಂಪು ಕಲೆ, ಖಾರ ತಿಂದರೆ ಉರಿ, ಎರಡು ಮೂರು ವಾರವಾದರೂ ಮಾಯದ ಹುಣ್ಣು. ನಿಮ್ಮದೇ ಮೂರು ಬೆರಳು ಸಾಲಾಗಿ ನಿಲ್ಲುವಷ್ಟು ಬಾಯಿ ತೆರೆಯದಿದ್ದರೆ ಒಳಗೆ ಬಿಗಿತ ಶುರುವಾಗಿರಬಹುದು. ಅಡಿಕೆ ಬಿಟ್ಟು, ಸುಮ್ನೆ ಕಾಯದೆ, ದಂತ ವೈದ್ಯರಿಗೆ ತೋರಿಸಿ.