ರಾಜನ ಮಗ ಹೆಂಗ ಬೆಳಿತಾನ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ, ಕ್ರುಸೇಡರ್ ಕಿಂಗ್ಸ್ 3 (ರಾಜಮನೆತನ ನಡಸೋ ಕಂಪ್ಯೂಟರ್ ಆಟ) ಆಡಾಕ ಹತ್ತಿ ಎರಡ ತಿಂಗಳಾತು, 1066ರ ಚಾಲುಕ್ಯ ಸೋಮೇಶ್ವರನ್ನ ತಗೊಂಡೀನಿ. ಮೊಮ್ಮಗ ದೊಡ್ಡ ಯೋಧ ಆಗಲಿ ಅಂತ ಮಾರ್ಷಲ್ (ಯುದ್ಧವಿದ್ಯಾ) ಎಜುಕೇಶನ್ ಇಟ್ಟೆ, 16 ತುಂಬಿದ ಮ್ಯಾಲೆ ನೋಡಿದ್ರ ಎಲ್ಲಾಕಿಂತ ಕೆಳಗಿನ ಲೆವೆಲ್ ಬಂದೈತಿ, ಅದರಾಗ ಅಂಜುಬುರುಕ ಬ್ಯಾರೆ ಆಗ್ಯಾನ. ಏನ್ ತಪ್ಪಾತು? ಹುಡುಗ ಸಣ್ಣಾಂವ ಇದ್ದಾಗ ಪೆನ್ಸಿವ್ (ವಿಚಾರ ಮಾಡೋ ಸ್ವಭಾವ) ಅಂತ ತೋರಸ್ತಿತ್ತು.
- ಬೆಟಗೇರಿಯಿಂದ ಒಬ್ಬ ಓದುಗರು

ಉತ್ತರ: ಕಡೀ ಸಾಲಿನಾಗ ನೀವ ಉತ್ತರ ಬರದೀರಿ ನೋಡ್ರಿ. ಮಗೂಗ 3 ವರ್ಷ ಆದಾಗ ಒಂದು ಬಾಲ್ಯದ ಗುಣ ಬರತೈತಿ, ರೌಡಿ, ಬಾಸಿ, ಪೆನ್ಸಿವ್, ಚಾರ್ಮಿಂಗ್, ಕ್ಯೂರಿಯಸ್, ಇವು ಐದರಾಗ ಒಂದು (ರೌಡಿ ಅಂದ್ರ ನಮ್ಮ ಕಡೆ ಅನ್ನೋ ರೌಡಿ ಅಲ್ಲ, ಉಡಾಳ ಹುಡುಗ ಅಷ್ಟ), ಮತ್ತ ಒಂದೊಂದು ಗುಣಕ್ಕ ಎರಡೆರಡು ವಿದ್ಯಾ ಒಗ್ಗತಾವ. ಪೆನ್ಸಿವ್ ಹುಡುಗಗ ಸ್ಟೀವರ್ಡ್‌ಶಿಪ್ (ಖಜಾನಿ, ಆಡಳಿತ) ಮತ್ತ ಲರ್ನಿಂಗ್ (ಪಾಂಡಿತ್ಯ) ಒಗ್ಗತೈತಿ, ರೌಡಿಗೆ ಮಾರ್ಷಲ್ ಮತ್ತ ಇಂಟ್ರೀಗ್ (ಒಳಸಂಚು). ನಿಮ್ಮೂರಾಗ ಸಂಗೀತ ಕಲಸೋ ಪುಣ್ಯಾಶ್ರಮ ಐತಿ, ನಿಮಗ ಇದನ್ನ ಬಿಡಿಸಿ ಹೇಳೋದ ಬ್ಯಾಡ, ಸ್ವರ ಹಿಡಿಯೋ ಕಿವಿ ಇದ್ದ ಹುಡುಗನ್ನ ಗರಡಿ ಮನಿಗೆ ಹಚ್ಚಿದಂಗ ಆತು ಇದು.

6 ವರ್ಷಕ್ಕ ವಿದ್ಯಾ ಚಾಲೂ ಆಗತೈತಿ, ಆವಾಗ ಗಾರ್ಡಿಯನ್ (ಕಲಸೋ ಗುರು) ಹಾಕಬೇಕು, ಒಬ್ಬ ಗಾರ್ಡಿಯನ್ ಎರಡ ಮಕ್ಕಳನ್ನಷ್ಟ ನೋಡ್ಕೋತಾನ. ಇಲ್ಲಿ ಬಾಳ ಮಂದಿ ಬರೇ ಗುರುವಿನ ಸ್ಕಿಲ್ ಅಂಕಿ ನೋಡ್ತಾರ, ಅಂಕಿ ಬೇಕು ಖರೆ, ಗುರುವಿನ ಲರ್ನಿಂಗ್ ಕೂಡ ಲೆಕ್ಕಕ್ಕ ಬರತೈತಿ, ಆದ್ರ ನಾ ಮೊದಲ ನೋಡೋದು ಗುರುವಿನ ಸ್ವಭಾವ, ಯಾಕಂದ್ರ 16ರೊಳಗ ಹುಡುಗಗ ಮೂರು ಸ್ವಭಾವದ ಗುಣ ಬರತಾವ, ಅವು ಗುರುವಿನಿಂದ ಹತ್ತೋ ಸಂಭವ ಇರತೈತಿ, ಮತ್ತ ಅವು ಸಾಯೋತನಕ ಬೆನ್ನು ಬಿಡೋದು ಕಡಿಮಿ. ನಿಮ್ಮ ಹುಡುಗಗ ಬಂದ ಅಂಜುಬುರುಕತನದಿಂದ ಮಾರ್ಷಲ್ 2 ಕಡಿಮಿ ಆಗತೈತಿ, ಧೈರ್ಯವಂತ ಆಗಿದ್ರ 2 ಹೆಚ್ಚು ಸಿಗತಿತ್ತು, ಒಂದ ಗುಣದಾಗ ನಾಲ್ಕರ ಫರಕ ನೋಡ್ರಿ. ಅದಕ್ಕ ಪಟ್ಟಕ್ಕ ಬರೋ ಹುಡುಗನ್ನ ರಾಜನ ಕೈಯಾಗ, ಅಂದ್ರ ನಿಮ್ಮ ಕೈಯಾಗ ಇಟ್ಕೋರಿ, ಆವಾಗ ಯಾವ ಗುಣದ ಕಡೆ ತಿರುಗಸಬೇಕು ಅನ್ನೋದು ಕೆಲವೊಮ್ಮೆ ನಿಮ್ಮನ್ನ ಕೇಳತೈತಿ, ರಾಜಗ ಒಂದಿಷ್ಟು ಸ್ಟ್ರೆಸ್ (ಮನಸ್ಸಿನ ಒತ್ತಡ) ಆದೀತು, ಆಗಲಿ.

ಹಂಗಾರ ಯುದ್ಧ ಯಾರ ಮಾಡಬೇಕು ಅಂತೀರೇನು? ರಾಜನ ಮಾಡಬೇಕಂತ ಎಲ್ಲೈತ್ರಿ. ಆಟದ ಇನ್ನೊಂದು ಚಾಲೂ ವರ್ಷ 867, ಆವಾಗ ಮಾನ್ಯಖೇಟದಾಗ ಆಳತಿದ್ದಾಂವ ಅಮೋಘವರ್ಷ. ಪೂರಾ ಲರ್ನಿಂಗ್ ಮನುಷ್ಯ, ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಾಗ, ನಾಡಿಗೆ ಬಂದ ಸಂಕಟ ಹೋಗ್ಲಿ ಅಂತ ತನ್ನ ಎಡಗೈ ಬೆರಳನ್ನ ಮಹಾಲಕ್ಷ್ಮಿಗೆ ಕೊಟ್ಟ ಅಂತ ಸಂಜಾನದ ತಾಮ್ರಶಾಸನ ಹೇಳತೈತಿ. ಅಂಥಾ ರಾಜ 60 ವರ್ಷಕ್ಕಿಂತ ಹೆಚ್ಚು ಆಳಿದ, ಅವನ ಪರವಾಗಿ ದಂಡು ತಗೊಂಡು ಹೋಗಿ ದಂಗೆ ಅಡಗಿಸಿದಾಂವ ಬಂಕೇಯ, ಹಾವೇರಿ ಜಿಲ್ಲೆ ಬಂಕಾಪುರದ ಹೆಸರು ಅವನದ. ನಿಮ್ಮ ಪೆನ್ಸಿವ್ ಮೊಮ್ಮಗನೂ ಖಜಾನಿ ನೋಡ್ಕೊಂಡು ಚೊಲೊ ರಾಜ ಆಗತಿದ್ದ, ಒಬ್ಬ ಬಂಕೇಯನ್ನ ಹುಡಕಿ ದಂಡು ಅವನ ಕೈಗೆ ಕೊಟ್ಟಿದ್ರ ಮುಗೀತಿತ್ತು.

ಪ್ರಶ್ನೆ: ನನ್ನ ರಾಜ ಕರುಣಾಳು. ದಂಗೆ ಎದ್ದಾವರನ್ನ ಸೆರೆ ಹಿಡಿದು ಒಬ್ಬೊಬ್ಬರನ್ನ ಕೊಲ್ಲಿಸಿದೆ, ರಾಜ್ಯ ಶಾಂತ ಆತು, ಆದ್ರ ರಾಜ ಕುಡುಕ ಆಗಿಬಿಟ್ಟ. ಇದು ಆಟದ ದೋಷ ಏನು?
- ರಾಣೆಬೆನ್ನೂರಿನಿಂದ

ಉತ್ತರ: ದೋಷ ಅಲ್ರಿ, ಈ ಆಟದ ಜೀವಾನ ಅದರಾಗ ಐತಿ. ಸ್ವಭಾವಕ್ಕ ವಿರುದ್ಧ ನಡದ್ರ ಸ್ಟ್ರೆಸ್ ಏರತೈತಿ, 100, 200, 300 ಹಿಂಗ ದಾಟಿದಾಗೊಮ್ಮೆ ಮನಸ್ಸು ಒಡಿತೈತಿ, ಆವಾಗ ಕುಡಿತಾನೋ ಮೈಮ್ಯಾಲೆ ಚಾಟಿ ಹೊಡ್ಕೋತಾನೋ ಏನಾರ ಒಂದು ದಾರಿ ಹಿಡಿತಾನ. ಜಿಪುಣ ರಾಜಗ ದಾನ ಕೊಡೋದೂ ಹಿಂಗ ಸಂಕಟ. ಕರುಣಾಳು ರಾಜನ ಕೈಲೆ ಕೊಲ್ಲಸಬ್ಯಾಡ್ರಿ, ರೊಕ್ಕ ತಗೊಂಡು ಬಿಡಸ್ರಿ, ಇಲ್ಲಾ ಸೆರೆಮನ್ಯಾಗ ಇರಲಿ, ನಡುನಡುವ ಬೇಟೆ, ಔತಣ ಇಟ್ಕೋರಿ, ಸ್ಟ್ರೆಸ್ ಇಳಿತೈತಿ. ನಾನಂತೂ ಹೊಸಾ ರಾಜ ಪಟ್ಟಕ್ಕ ಬಂದ ಕೂಡಲೇ ಅವನ ಮೂರು ಗುಣ ಓದಿನ ಮುಂದಿನ ಹತ್ತು ವರ್ಷ ಏನ್ ಮಾಡಬೇಕು ಅಂತ ಠರಾಸ್ತೀನಿ.

ಪ್ರಶ್ನೆ: ಅಪ್ಪ ಗಳಿಸಿದ ಪರ್ಕ್ (ಆಟದಾಗ ಪಾಯಿಂಟ್ ಕೂಡಿಸಿ ಗಳಸೋ ವಿಶೇಷ ಶಕ್ತಿ) ಮಗಗ ಬರತಾವೇನ್ರಿ? ಜಾಣತನ ರಕ್ತದಾಗ ಬರತೈತಿ ಅಂತಾರ, ಖರೇನಾ?
- ಹುಬ್ಬಳ್ಳಿ ವಿದ್ಯಾನಗರದಿಂದ

ಉತ್ತರ: ಪರ್ಕ್ ಬರಂಗಿಲ್ಲ, ಅವನ ಸಂಗಾಟನ ಹೋಗತಾವ. ಒಂದೊಂದಕ್ಕ 1000 ಪಾಯಿಂಟ್ ಬೇಕು, ಒಂದು ಕೊಂಬಿಗೆ (ಒಂದು ಬಗೆಯ ಪರ್ಕ್‌ಗಳ ಗುಂಪಿಗೆ) ಒಂಬತ್ತು ಪರ್ಕ್, ಅದಕ್ಕ ಸಣ್ಣ ವಯಸ್ಸಿಗೆ ಪಟ್ಟಕ್ಕ ಬಂದು ಬಾಳ ವರ್ಷ ಬದುಕೋ ರಾಜಗ ಅಷ್ಟ ಕೊಂಬು ತುಂಬತಾವ, ನಮ್ಮ ಆರನೇ ವಿಕ್ರಮಾದಿತ್ಯ 1076ರಿಂದ 1126ರತನಕ ಆಳಿದನಲ್ಲ, ಅಂಥಾವ ಬೇಕು. ರಕ್ತದಾಗ ಬರೋವು ಹುಟ್ಟುಗುಣ: ಕ್ವಿಕ್, ಇಂಟೆಲಿಜೆಂಟ್, ಜೀನಿಯಸ್, ಇವು ಎಲ್ಲಾ ಸ್ಕಿಲ್‌ಗೂ 1, 3, 5 ಕೂಡಸ್ತಾವ. ಗಂಡ ಹೆಂಡತಿ ಇಬ್ಬರಿಗೂ ಇದ್ರ ಮಕ್ಕಳಿಗೆ ಬರೋ ಸಂಭವ ಹೆಚ್ಚು, ಹಂಗಂತ ತೀರಾ ಹತ್ತಿರದ ಸಂಬಂಧದಾಗ ಕೊಟ್ಟು ತಂದು ಮಾಡಬ್ಯಾಡ್ರಿ, ಎರಡ ಮೂರು ತಲೆಮಾರಿನಾಗ ಮಕ್ಕಳು ರೋಗಿಷ್ಟರಾಗಿ ಹುಟ್ಟಾಕ ಹತ್ತತಾರ, ಹೊರಗಿನ ಮನೆತನದಾಗ ಜಾಣ ಹುಡಿಗಿ ಹುಡಕ್ರಿ, ರಾಜ್ಯ ಸಣ್ಣದಿದ್ರೂ ಚಿಂತಿಲ್ಲ.